ಹೋಬಳಿ ಶಾಲೆಗೆ ಬಂದ ಬಹುವಚನ

ಕನ್ನಡ ಶಾಲೆಗಳ ಕೆಳತರಗತಿಗಳಲ್ಲಿ ‘ಈ ಪದಗಳ ಬಹುವಚನ ರೂಪ ಬರೆಯಿರಿ’ ಎಂಬ ಅಭ್ಯಾಸ ಎಷ್ಟು ರೂಢಿಗೆ ಬಿದ್ದಿದೆಯೆಂದರೆ, ಅದಕ್ಕೂ ಒಂದು ಚರಿತ್ರೆ ಇರಬಹುದೆಂಬ ಯೋಚನೆ ಶಿಕ್ಷಕರಿಗಾಗಲಿ ಪಠ್ಯ ಬರೆಯುವವರಿಗಾಗಲಿ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಎಡಗಡೆ ಮರ, ಹೂವು, ಹುಡುಗ, ಅಣ್ಣ ಎಂದು ಬರೆದು, ಬಲಗಡೆ ಮರಗಳು, ಹೂವುಗಳು, ಹುಡುಗರು, ಅಣ್ಣಂದಿರು ಎಂದು ತುಂಬಿಸುವ ಈ ಪಾಠ ಹಳ್ಳಿಯ ಮಗುವಿನ ಸ್ಲೇಟಿಗೆ ಬಂದದ್ದು ಹೆಚ್ಚೆಂದರೆ ಒಂದೂವರೆ ಶತಮಾನದ ಈಚೆಗೆ. ಅದಕ್ಕೆ ಎಷ್ಟೋ ಮೊದಲಿನಿಂದ ಏಕವಚನ ಬಹುವಚನಗಳ ಚರ್ಚೆ ವಿದ್ವಾಂಸರ ಓಲೆಗರಿಗಳಲ್ಲಿ ಇದ್ದೇ ಇತ್ತಾದರೂ, ಅದನ್ನು ಆರೇಳು ವರ್ಷದ ಮಕ್ಕಳಿಗೆ ಕಲಿಸಬೇಕಾದ ವಿಷಯವೆಂದು ಆ ವಿದ್ವಾಂಸರು ಬಗೆದಿರಲಿಲ್ಲ. ಈ ಪಾಠ ನಡೆದು ಬಂದ ದಾರಿಯನ್ನು ನೋಡಲು ಬೆಂಗಳೂರಿನಿಂದ ನೆಲಮಂಗಲದ ಮೇಲೆ ಕುಣಿಗಲ್ಲಿನ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ, ಬಹುಕಾಲದಿಂದ ಮಾಗಡಿ ಸೀಮೆಗೆ ಸೇರಿದ ಸೋಲೂರಿನಂಥ ಹೋಬಳಿ ಊರು ಅನುಕೂಲವಾದ ನೆಲೆ. ಏಕೆಂದರೆ ಮೈಸೂರು ಸಂಸ್ಥಾನದಲ್ಲಿ ವ್ಯಾಕರಣ ಹಳ್ಳಿಯ ಮಕ್ಕಳನ್ನು ಮುಟ್ಟಿದ್ದು ‘ಹೋಬಳಿ ಶಾಲೆ’ ಎಂಬ ಏರ್ಪಾಟಿನ ಮೂಲಕ, ಮತ್ತು ಆ ಶಾಲೆಗೆ ಬಂದ ವ್ಯಾಕರಣಕ್ಕೂ ಆ ಮಕ್ಕಳು ಮನೆಯಿಂದ ತಂದ ಕನ್ನಡಕ್ಕೂ ನಡುವೆ ಇದ್ದ ಅಂತರ ಈ ಸೀಮೆಯ ಮಾತಿನಲ್ಲಿ ಇಂದಿಗೂ ಸ್ಪಷ್ಟವಾಗಿ ಕಾಣಿಸುತ್ತದೆ.

ವ್ಯಾಕರಣದಲ್ಲಿ ‘ವಚನ’ ಎಂದರೆ, ಒಂದು ನಾಮಪದ ಒಂದನ್ನು ಹೇಳುತ್ತಿದೆಯೋ ಒಂದಕ್ಕಿಂತ ಹೆಚ್ಚಿನದನ್ನು ಹೇಳುತ್ತಿದೆಯೋ ಎಂಬುದನ್ನು ತೋರಿಸುವ ರೂಪಭೇದ. ಶರಣರ ವಚನಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಸ್ಕೃತದಲ್ಲಿ ಒಂದಕ್ಕೆ ಏಕವಚನ, ಎರಡಕ್ಕೆ ದ್ವಿವಚನ, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ ಬಹುವಚನ ಎಂದು ಮೂರು ಬಗೆ ಇದ್ದರೆ, ಕನ್ನಡದಲ್ಲಿ ಮೊದಲನೆಯದು ಮತ್ತು ಕೊನೆಯದು ಮಾತ್ರ ಉಂಟು. ಕನ್ನಡದ ಹಳೆಯ ವ್ಯಾಕರಣಕಾರರು, ಅಂದರೆ 12ನೆಯ ಶತಮಾನದ ನಾಗವರ್ಮ, ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜ, 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ ಭಟ್ಟಾಕಳಂಕ, ಈ ಮೂವರೂ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಎಂಬ ಸಂಸ್ಕೃತದ ಚೌಕಟ್ಟನ್ನೇ ಹಿಡಿದು ಕನ್ನಡವನ್ನು ವಿವರಿಸಿದರು, ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ ಮತ್ತು ಭಟ್ಟಾಕಳಂಕನ ಗ್ರಂಥಗಳ ಸೂತ್ರಗಳೇ ಸಂಸ್ಕೃತದಲ್ಲಿವೆ, ಕೇಶಿರಾಜನಾದರೋ ಕಂದಪದ್ಯಗಳಲ್ಲಿ ಕನ್ನಡದಲ್ಲೇ ಸೂತ್ರ ಕಟ್ಟಿದ. ಇವರ ಓದುಗರು ಕಾವ್ಯ ಬರೆಯುವವರು ಮತ್ತು ಕಾವ್ಯವನ್ನು ಅರ್ಥೈಸುವವರು. ಹಾಗಿದ್ದರೂ ಚೌಕಟ್ಟು ಎರವಲಿನದಾದ ಮಾತ್ರಕ್ಕೆ ಇವರ ಕಣ್ಣು ಕನ್ನಡದ ಸ್ವಭಾವವನ್ನು ಕಾಣದೆ ಹೋಗಲಿಲ್ಲವೆಂಬುದನ್ನು ಒಪ್ಪಬೇಕು. ಮನುಷ್ಯರನ್ನು ಹೇಳುವ ಪದಗಳಿಗೆ ‘ಅರ್’, ಉಳಿದವುಗಳಿಗೆ ‘ಗಳ್’, ನಂಟಸ್ತಿಕೆಯ ಪದಗಳಿಗೆ ‘ದಿರ್’ ಬಗೆಯ ಪ್ರತ್ಯಯ, ಗೌರವಕ್ಕಾಗಿ ಒಬ್ಬನಿಗೇ ಬಹುವಚನ, ಇವೆಲ್ಲವೂ ಹಳಗನ್ನಡದ ಬಳಕೆಯಲ್ಲಿ ನೆಲೆಗೊಂಡಿದ್ದವು ಮತ್ತು ಶಾಸ್ತ್ರದಲ್ಲಿ ದಾಖಲಾದವು. ಪ್ರತ್ಯಯವೆಂದರೆ ಪದದ ಕೊನೆಗೆ ಸೇರಿ ಅದರ ಅರ್ಥವನ್ನು ಅಥವಾ ಅದು ವಾಕ್ಯದಲ್ಲಿ ಮಾಡುವ ಕೆಲಸವನ್ನು ತಿಳಿಸುವ ತುಣುಕು.

ಇದೇ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ವಿಜಯನಗರದ ಒಂದನೆಯ ಬುಕ್ಕರಾಯ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಎದ್ದ ವ್ಯಾಜ್ಯವನ್ನು ಬಗೆಹರಿಸಿದ ಶಾಸನವಿದೆ. ಶ್ರವಣಬೆಳಗೊಳದಲ್ಲಿಯೂ ಇದೇ ತೀರ್ಪಿನ ಶಾಸನವುಂಟು. ಅಂಥ ಶಾಸನದಲ್ಲಿ ಸಮುದಾಯಗಳನ್ನು ಹೆಸರಿಸುವಾಗ ಬಹುವಚನ ತಪ್ಪುವಂತಿರಲಿಲ್ಲ, ಏಕೆಂದರೆ ಕನ್ನಡದಲ್ಲಿ ಜನರ ಗುಂಪನ್ನು ಏಕವಚನದಲ್ಲಿ ಕರೆದರೆ ಅದು ಒಬ್ಬನ ಮಾತಾಗುತ್ತದೆ ಅಥವಾ ತಾತ್ಸಾರದ ಮಾತಾಗುತ್ತದೆ. ದಾನಪತ್ರಗಳಲ್ಲಿ ಬರುವ ಗದ್ದೆ, ಬೆದ್ದಲು, ತೋಟಗಳ ವಿಷಯ ಬೇರೆ. ಅಳತೆ ಮತ್ತು ಎಣಿಕೆಯ ಪದ ಜೊತೆಗೆ ಬಂದರೆ ಸಾಕು, ಹೆಸರಿಗೆ ಬಾಲ ಬೇಕಿಲ್ಲ. ಕಲ್ಲಿನ ಮೇಲೆ ಅಕ್ಷರ ಕೆತ್ತಿದವರಿಗೆ ಗೊತ್ತಿದ್ದ ಈ ಭೇದವೇ ಮುಂದೆ ಶಾಲೆಯ ಪಾಠದಲ್ಲಿ ಮಸಕಾಯಿತು.

ಇಂಗ್ಲಿಷರ ಆಡಳಿತಕ್ಕೆ ಮೊದಲೂ ಹಳ್ಳಿಗಳಲ್ಲಿ ಓದು ಬರಹ ಇಲ್ಲದಿರಲಿಲ್ಲ. ಊರಿನ ಜಗುಲಿಯ ಮೇಲೋ ಗುಡಿಯ ಮಂಟಪದಲ್ಲೋ ಐಗಳು ನಡೆಸುತ್ತಿದ್ದ, ಮಕ್ಕಳ ಮನೆಯವರು ಕೊಟ್ಟ ಹಣದಿಂದಲೋ ಕಾಳಿನಿಂದಲೋ ಸಾಗುತ್ತಿದ್ದ ಕೂಲಿಮಠಗಳು ಕನ್ನಡ ನಾಡಿನ ಉದ್ದಕ್ಕೂ ಇದ್ದವು. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಕಾಗುಣಿತ ಮುಗಿಸಿ, ಮಸಿ ಬಳಿದು ಮಡಿಸಿದ ಬಟ್ಟೆಯ ಪುಸ್ತಕವಾದ ಕಡತದ ಮೇಲೆ ಬಳಪದಿಂದ ಬರೆಯುವ ಹಂತಕ್ಕೆ ಬರುತ್ತಿತ್ತು. ಅದರೊಂದಿಗೆ ಮಗ್ಗಿ, ಲೆಕ್ಕ, ಪತ್ರ ಬರೆಯುವ ಕ್ರಮ, ಅಮರಕೋಶದ ಬಾಯಿಪಾಠ, ಜೈಮಿನಿ ಭಾರತದಂಥ ಕಾವ್ಯದ ಓದು ಸೇರುತ್ತಿದ್ದವು. ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳನ್ನೂ ಅವುಗಳಲ್ಲಿ ಕಲಿಯುತ್ತಿದ್ದ 6,641 ಮಕ್ಕಳನ್ನೂ ಲೆಕ್ಕಕ್ಕೆ ತಂದು, ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಮೆಚ್ಚಿ, ಓದುವ ಕಾವ್ಯದ ಭಾಷೆ ಆಡುಮಾತಿನಿಂದ ದೂರವಿರುವುದರಿಂದ ಮಕ್ಕಳು ಅರ್ಥವಾಗದೆ ಒಪ್ಪಿಸುತ್ತಾರೆಂದು ದೂರಿದ್ದಾನೆ. ಶಬ್ದಮಣಿದರ್ಪಣದಂಥ ವ್ಯಾಕರಣಗಳೂ ನಿಘಂಟುಗಳೂ ಹಸ್ತಪ್ರತಿಗಳ ದುಬಾರಿ ಬೆಲೆಯಿಂದ ಮತ್ತು ಉಪಾಧ್ಯಾಯರ ಬಡತನದಿಂದ ಈ ಶಾಲೆಗಳಲ್ಲಿ ಕಾಣಸಿಗುವುದೇ ಅಪರೂಪವೆಂಬುದು ಅವನ ಇನ್ನೊಂದು ದೂರು. ಕ್ಯಾಂಪ್‌ಬೆಲ್ ಸ್ವತಃ 1816ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದವನು. ವ್ಯಾಕರಣವಿಲ್ಲದೆ ಭಾಷೆಯ ಸರಿಯಾದ ಜ್ಞಾನ ಬಾರದೆಂದು ಅವನು ನಂಬಿದ್ದುದು ಸಹಜವಾದರೂ, ಆ ಮಕ್ಕಳಿಗೆ ತಮ್ಮ ತಾಯಿನುಡಿಯಲ್ಲಿ ಒಂದನ್ನು ಹೇಗೆ ಹೇಳಬೇಕು, ಹಲವನ್ನು ಹೇಗೆ ಹೇಳಬೇಕು ಎಂಬುದನ್ನು ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ.

ಆ ತಾಯಿನುಡಿಯ ಒಳಗಿನ ಏರ್ಪಾಟನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಮುಂದಿನ ಕಥೆಯೆಲ್ಲ ಅದನ್ನು ಶಾಲೆ ಹೇಗೆ ಕಂಡಿತು ಅಥವಾ ಕಾಣದೆ ಹೋಯಿತು ಎಂಬುದರ ಮೇಲೆ ನಿಂತಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ರೈತನೊಬ್ಬ ಸಾವಿರಾರು ಗೂಡುಗಳನ್ನು ತಂದು ಸುರಿದರೂ ‘ಗೂಡು ತಂದಿದ್ದೀನಿ’ ಎನ್ನುತ್ತಾನೆಯೇ ಹೊರತು ಗೂಡುಗಳನ್ನು ತಂದಿದ್ದೇನೆ ಎನ್ನುವುದಿಲ್ಲ. ಮನೆಯಲ್ಲಿ ಅವನು ಸಾಕುವುದು ಹುಳ, ಅದಕ್ಕೆ ಹಾಕುವುದು ಸೊಪ್ಪು. ಮಾಗಡಿ ಸೀಮೆಗೆ ಹೆಸರು ತಂದ ಅವರೆಕಾಯಿ ಮೂಟೆಗಟ್ಟಲೆ ಬೆಂಗಳೂರಿಗೆ ಹೋಗುವಾಗಲೂ ಅವರೆಕಾಯಿಯೇ, ರಾಗಿ ಕಣದಲ್ಲಿ ರಾಶಿಯಾಗಿ ಬಿದ್ದಾಗಲೂ ರಾಗಿಯೇ. ಹಲವು ಎಂಬುದನ್ನು ಹೇಳಬೇಕಾದಾಗ ಈ ಮಾತು ಹೆಸರನ್ನು ಮುಟ್ಟದೆ ಅದರ ಮುಂದೆ ಎಣಿಕೆಯನ್ನೋ ಅಳತೆಯನ್ನೋ ಗುಂಪನ್ನೋ ಇಡುತ್ತದೆ: ಹತ್ತು ತೆಂಗಿನಮರ, ಎರಡು ಸೇರು ಕಾಳು, ಒಂದು ಜೊತೆ ಎತ್ತು, ಒಂದು ಹಿಂಡು ಕುರಿ, ನಾಲ್ಕು ಕಟ್ಟು ಸೊಪ್ಪು, ಮೂರು ಹೊರೆ ಹುಲ್ಲು. ‘ಹತ್ತು ತೆಂಗಿನಮರಗಳು’ ತಪ್ಪಲ್ಲ, ಆದರೆ ಅದು ಬರಹದ ಮಾತು. ಆಡುವಾಗ ಹಾಗೆಂದರೆ ಯಾರೋ ಓದಿ ಹೇಳುತ್ತಿರುವಂತೆ ಕೇಳಿಸುತ್ತದೆ. ವ್ಯಾಕರಣದಲ್ಲಿ ಇಂಥ ಬಳಕೆಯನ್ನು, ಅಂದರೆ ಒಂದು ಜಾತಿಯ ಎಲ್ಲ ವಸ್ತುಗಳನ್ನು ಏಕವಚನದಿಂದಲೇ ಸೂಚಿಸುವುದನ್ನು, ‘ಜಾತ್ಯೇಕವಚನ’ ಎಂದು ಕರೆಯುವುದುಂಟು. ಆದರೆ ಅದನ್ನು ನಿಯಮಕ್ಕೆ ಅಪವಾದವೆಂದು ಹೇಳುವ ಬದಲು ಆಡುಗನ್ನಡದ ಮೊದಲ ನಿಯಮವೆಂದೇ ಹೇಳಿದರೆ ಹೆಚ್ಚು ಸರಿಯಾದೀತು.

ಹೆಸರು ಬರಿದಾಗಿದ್ದ ಮಾತ್ರಕ್ಕೆ ಸಂಖ್ಯೆ ಮಾಯವಾಗುವುದಿಲ್ಲ, ಅದು ಅನೇಕ ಸಲ ಕ್ರಿಯಾಪದಕ್ಕೆ ಹೋಗಿ ಕೂರುತ್ತದೆ. ಸೋಲೂರಿನ ಸುತ್ತಿನ ಮಾತಿನಲ್ಲಿ ಎಮ್ಮೆ ಒಂದಿದ್ದರೆ ‘ಎಮ್ಮೆ ಐತೆ’, ಹಲವಿದ್ದರೆ ‘ಎಮ್ಮೆ ಅವೆ’. ಒಂದು ದನ ಮನೆಗೆ ಬಂದರೆ ‘ದನ ಬಂತು’, ಮಂದೆ ಬಂದರೆ ‘ದನ ಬಂದ್ವು’. ಎಮ್ಮೆ, ದನ ಎಂಬ ಪದಗಳು ಎರಡೂ ಕಡೆ ಹಾಗೆಯೇ ಇವೆ, ಭೇದವನ್ನೆಲ್ಲ ಕೊನೆಯ ಪದ ಹೊರುತ್ತಿದೆ. ಮೂರು ನಾಲ್ಕು ವರ್ಷದ ಮಗು ಇದನ್ನು ಹಿತ್ತಲಲ್ಲಿ, ಹಟ್ಟಿಯಲ್ಲಿ, ಯಾರೂ ಹೇಳಿಕೊಡದೆ ಹಿಡಿಯುತ್ತದೆ. ಹಲವನ್ನು ಹೇಳುವ ಇನ್ನೊಂದು ದಾರಿ ಜೋಡುನುಡಿಯದು. ದನಕರು, ಗಿಡಗಂಟೆ, ಹುಳಹುಪ್ಪಟೆ, ಕಾಳುಕಡ್ಡಿ, ಬಟ್ಟೆಬರೆ, ಪಾತ್ರೆಪಡಗ ಎನ್ನುವಾಗ ಒಂದೇ ಬಗೆಯ ಹಲವು ವಸ್ತುಗಳ ಜೊತೆಗೆ ಅವುಗಳ ಆಚೀಚೆ ಇರುವ ಇತರ ವಸ್ತುಗಳೂ ಸೇರಿಕೊಳ್ಳುತ್ತವೆ, ಮತ್ತು ‘ಪಾತ್ರೆಗಳನ್ನು ತೊಳೆ’ ಎನ್ನುವುದಕ್ಕಿಂತ ‘ಪಾತ್ರೆಪಡಗ ತೊಳಿ’ ಎನ್ನುವುದರಲ್ಲಿ ಕೆಲಸದ ರಾಶಿಯೇ ಕಣ್ಣಿಗೆ ಕಟ್ಟುತ್ತದೆ. ಶಾಲೆಯ ವ್ಯಾಕರಣ ಇವನ್ನು ಬಹುವಚನದ ಅಧ್ಯಾಯದಲ್ಲಿ ಎಂದೂ ಸೇರಿಸಿಕೊಳ್ಳದೆ ಜೋಡುನುಡಿಯೆಂಬ ಬೇರೆ ಕೋಣೆಯಲ್ಲಿ ಕೂಡಿಹಾಕಿತು.

ಮನುಷ್ಯರ ವಿಷಯದಲ್ಲಿ ಈ ಸಡಿಲತೆ ಇಲ್ಲ. ‘ಮೂರು ಹುಡುಗ ಬಂದ’ ಎಂದು ಯಾವ ಮಗುವೂ ಹೇಳುವುದಿಲ್ಲ. ಹುಡುಗರು ಎನ್ನಲೇಬೇಕು, ಎಣಿಕೆಯ ಪದವೂ ಬೇರೆಯಾಗಿ ಎರಡು, ಮೂರರ ಜಾಗಕ್ಕೆ ಇಬ್ಬರು, ಮೂವರು ಬರುತ್ತವೆ, ಮುಂದೆ ಹೋದಂತೆ ‘ಜನ’ ಎಂಬ ಪದ ನೆರವಿಗೆ ಬಂದು ಆರು ಜನ, ಹತ್ತು ಜನ ಎಂದಾಗುತ್ತದೆ. ನಂಟರನ್ನು ಹೇಳುವಾಗ ಅಣ್ಣಂದಿರು, ಅಕ್ಕಂದಿರು, ತಾಯಂದಿರು ಎಂಬ ಮತ್ತೊಂದು ಬಗೆ. ಇದರ ಮೇಲೆ ಗೌರವಾರ್ಥಕ ಬಹುವಚನ, ಅಂದರೆ ಒಬ್ಬರೇ ಇದ್ದರೂ ಮರ್ಯಾದೆಗಾಗಿ ಹಲವರಂತೆ ಹೇಳುವ ಕ್ರಮ. ‘ಐಗಳು’, ‘ಗುರುಗಳು’, ‘ಮೇಷ್ಟ್ರು’ ಎಂಬ ಪದಗಳು ರೂಪದಲ್ಲಿಯೇ ಬಹುವಚನ, ಮತ್ತು ‘ಮೇಷ್ಟ್ರು ಬಂದ್ರು’ ಎಂದು ಪಿಸುಗುಟ್ಟಿ ಸರಿಯಾಗಿ ಕೂರುವ ಮಗು ವ್ಯಾಕರಣದ ಪುಸ್ತಕ ತೆರೆಯುವ ಮೊದಲೇ ಅದರ ಅತಿ ಸೂಕ್ಷ್ಮವಾದ ಸೂತ್ರವೊಂದನ್ನು ಪಾಲಿಸಿರುತ್ತದೆ. ಮನೆಯಲ್ಲಿ ಅವ್ವನನ್ನು ನೀನು ಎನ್ನುವ, ಊರಗೌಡರನ್ನು ನೀವು ಎನ್ನುವ, ಜೊತೆಗಾರನನ್ನು ಲೋ ಎಂದು ಕರೆಯುವ ಮಗುವಿಗೆ ವಚನವೆಂಬುದು ಎಣಿಕೆಗಿಂತ ಮೊದಲು ನಂಟಿನ, ಅಂತಸ್ತಿನ, ಸಲುಗೆಯ ಪಾಠವಾಗಿತ್ತು. ಯಾರಿಗೆ ಬಹುವಚನ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ಜಾತಿ ಮತ್ತು ಆಸ್ತಿಗಳೂ ನಿರ್ಧರಿಸುತ್ತಿದ್ದವೆಂಬ ಕಹಿಯನ್ನು ವ್ಯಾಕರಣ ಪುಸ್ತಕಗಳು ‘ಗೌರವಾರ್ಥ’ ಎಂಬ ಒಂದು ಪದದಲ್ಲಿ ಮುಚ್ಚಿಬಿಟ್ಟಿವೆ.

ಈ ಮಾತಿಗೆ ಹೊರಗಿನಿಂದ ನಿಯಮ ಬರೆಯುವ ಕೆಲಸ 19ನೆಯ ಶತಮಾನದ ಆರಂಭದಲ್ಲಿ, ಕನ್ನಡ ಕಲಿಯಬೇಕಾಗಿದ್ದ ಪರದೇಶಿಯರಿಗಾಗಿ ಶುರುವಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ, ಜಾನ್ ಮೆಕೆರೆಲನದು 1820ರಲ್ಲಿ ಮದರಾಸಿನಲ್ಲಿ, ಥಾಮಸ್ ಹಾಡ್ಸನನದು 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದವು. ನಡುವೆ 1838ರಲ್ಲಿ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ಹೊಸಗನ್ನಡವನ್ನೇ ಗುರಿಯಾಗಿಟ್ಟು ‘ಹೊಸಗನ್ನಡ ನುಡಿಗನ್ನಡಿ’ಯನ್ನು ಬರೆದರು. ಗ್ರೀಕ್ ಮತ್ತು ಲ್ಯಾಟಿನ್ ವ್ಯಾಕರಣಗಳನ್ನು ಓದಿ ಬೆಳೆದ ಪರದೇಶಿ ಲೇಖಕರು ಒಂದು ನಾಮಪದವನ್ನು ತೆಗೆದುಕೊಂಡು ಅದರ ಎಲ್ಲ ವಿಭಕ್ತಿಗಳನ್ನೂ, ಎಂದರೆ ಆ ಪದಕ್ಕೆ ವಾಕ್ಯದ ಇತರ ಪದಗಳೊಂದಿಗಿರುವ ಸಂಬಂಧವನ್ನು ತಿಳಿಸುವ ರೂಪಗಳನ್ನು, ಎರಡು ಕಂಬಗಳಲ್ಲಿ ಪಟ್ಟಿ ಮಾಡುವುದನ್ನು ರೂಢಿಸಿಕೊಂಡಿದ್ದರು; ಎಡಕ್ಕೆ ಏಕವಚನ, ಬಲಕ್ಕೆ ಬಹುವಚನ. ಸಂಸ್ಕೃತ ಪಾಠಶಾಲೆಯ ಶಬ್ದಮಂಜರಿಯಲ್ಲಿ ರಾಮಶಬ್ದವನ್ನು ಮೂರು ವಚನಗಳಲ್ಲಿ ಗಟ್ಟಿ ಹೊಡೆದ ಪಂಡಿತರಿಗೂ ಈ ಕಂಬಗಳು ಹೊಸವೇನಲ್ಲ, ಒಂದು ಕಂಬ ಕಡಿಮೆಯಾಯಿತು ಅಷ್ಟೆ. ಹೀಗೆ ಎರಡು ಬೇರೆ ಬೇರೆ ವಿದ್ವತ್ಪರಂಪರೆಗಳು ಒಂದೇ ಪಟ್ಟಿಯಲ್ಲಿ ಕೈಜೋಡಿಸಿದವು, ಮತ್ತು ಆ ಪಟ್ಟಿಯಲ್ಲಿ ಮರ ಎಂಬುದರ ಎದುರು ಮರಗಳು ಎಂಬುದು ಹುಡುಗ ಎಂಬುದರ ಎದುರಿಗಿರುವ ಹುಡುಗರು ಎಂಬುದಷ್ಟೇ ಕಡ್ಡಾಯವಾದ ರೂಪವಾಗಿ ಕಾಣಿಸತೊಡಗಿತು. ಅನ್ಯಭಾಷಿಕನಿಗೆ ಅದು ಉಪಕಾರವಾಗಿದ್ದಿರಬಹುದು. ಅದೇ ಪಟ್ಟಿ ಕನ್ನಡವನ್ನೇ ಆಡುವ ಮಗುವಿನ ಪಾಠವಾದಾಗ ಅದರ ಅರ್ಥ ಬೇರೆಯಾಯಿತು.

ಮೈಸೂರಿನಲ್ಲಿ ಸರ್ಕಾರದ ಶಿಕ್ಷಣ ಇಲಾಖೆ 1857ರಲ್ಲಿ, ಕಮಿಷನರುಗಳ ಆಡಳಿತದ ಕಾಲದಲ್ಲಿ, ಹುಟ್ಟಿಕೊಂಡಿತಾದರೂ ಅದರ ಗಮನ ಮೊದಲಿಗೆ ಪಟ್ಟಣಗಳ ಮೇಲಿತ್ತು. ಊರೂರಿನ ಕಡೆಗೆ ಇಲಾಖೆ ಹೊರಳಿದ್ದು 1868ರ ಹೋಬಳಿ ಶಾಲೆಗಳ ಯೋಜನೆಯಿಂದ. ಹೋಬಳಿಯೆಂದರೆ ತಾಲ್ಲೂಕಿನ ಒಳಗಿನ ಕಂದಾಯ ವಿಭಾಗ. ಅಂಥ ಪ್ರತಿಯೊಂದಕ್ಕೂ ಒಂದು ಶಾಲೆ, ಕೂಲಿಮಠಗಳ ಐಗಳನ್ನೇ ಸಾಧ್ಯವಾದಲ್ಲಿ ಆರಿಸಿ ನಾರ್ಮಲ್ ಶಾಲೆಯಲ್ಲಿ, ಎಂದರೆ ಶಿಕ್ಷಕರ ತರಬೇತಿ ಶಾಲೆಯಲ್ಲಿ, ತಯಾರು ಮಾಡಿ ಕಳುಹಿಸುವುದು, ಕಟ್ಟಡದ ಹೊಣೆಯನ್ನು ಊರವರ ಮೇಲೆ ಬಿಡುವುದು ಆ ಯೋಜನೆಯ ತಿರುಳು. ಇದರೊಂದಿಗೆ ಜೋಡಿಕೊಂಡಿರುವ ಹೆಸರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಕನ್ನಡದಲ್ಲಿ ಶಾಲಾಪುಸ್ತಕಗಳನ್ನು ಬರೆದ ಪಾದ್ರಿ ಬೆಂಜಮಿನ್ ರೈಸರ ಮಗ ಬಿ. ಎಲ್. ರೈಸ್ ಅವರದು. ಹೋಬಳಿ ಶಾಲೆಗಳು ಮೊದಲಾದ 1868ರಲ್ಲಿಯೇ, ಮೈಸೂರಿನ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಜಾನ್ ಗ್ಯಾರೆಟ್ ಅವರ ಆವೃತ್ತಿಯಾಗಿ ಶಬ್ದಮಣಿದರ್ಪಣ ಬೆಂಗಳೂರಿನಲ್ಲಿ ಅಚ್ಚಾಯಿತು. ನಾಲ್ಕು ವರ್ಷದ ಮೇಲೆ, 1872ರಲ್ಲಿ, ಕಿಟೆಲ್ಲರ ಆವೃತ್ತಿ ಮಂಗಳೂರಿನಿಂದ ಬಂತು. ರೈಸರು ಮುಂದೆ 1884ರಲ್ಲಿ ನಾಗವರ್ಮನ ಭಾಷಾಭೂಷಣವನ್ನೂ 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನವನ್ನೂ ಸಂಪಾದಿಸಿದರು, ಮತ್ತು 1905ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳನ್ನು, ಮೇಲೆ ಹೇಳಿದ ಕಲ್ಯದ ಶಾಸನವನ್ನೂ ಸೇರಿಸಿ, ಪ್ರಕಟಿಸಿದರು. ಹಳ್ಳಿಯ ಶಾಲೆ, ಹಳಗನ್ನಡದ ವ್ಯಾಕರಣ, ಊರಿನ ಕಲ್ಬರಹ ಈ ಮೂರೂ ಒಬ್ಬರ ಮೇಜಿನ ಮೇಲೆ ಹಾದುಹೋದರೂ ಮೂರಕ್ಕೂ ಪರಸ್ಪರ ಮಾತುಕತೆ ನಡೆಯಲಿಲ್ಲವೆಂಬುದು ಆ ಕಾಲದ ವಿದ್ವತ್ತಿನ ಒಂದು ಸೋಜಿಗ.

ಹೋಬಳಿ ಶಾಲೆ ಬಂದ ಮೇಲೆ ಕೂಲಿಮಠದ ಅಮರಕೋಶ ಹಿಂದೆ ಸರಿದು ಅಚ್ಚಿನ ಪುಸ್ತಕ ಮುಂದೆ ಬಂತು, ಮತ್ತು ಅಚ್ಚಿನ ಪುಸ್ತಕದೊಂದಿಗೆ ಇನ್‌ಸ್ಪೆಕ್ಟರರ ಪರೀಕ್ಷೆ ಬಂತು. ತನಿಖೆಗೆ ಬಂದ ಅಧಿಕಾರಿ ಅರ್ಧ ದಿನದಲ್ಲಿ ಒಂದು ಶಾಲೆಯ ಮಕ್ಕಳ ಜ್ಞಾನವನ್ನು ಅಳೆಯಬೇಕಾದರೆ ಅವನಿಗೆ ಬೇಕಾದದ್ದು ಒಂದೇ ಸರಿಯುತ್ತರವಿರುವ ಪ್ರಶ್ನೆಗಳು. ಲಿಂಗ, ವಚನ, ವಿಭಕ್ತಿಗಳ ಪಟ್ಟಿಗಿಂತ ಅದಕ್ಕೆ ಹೊಂದುವಂಥದ್ದು ಬೇರೊಂದಿರಲಿಲ್ಲ. ‘ವಚನ ಎಂದರೇನು? ವಚನಗಳು ಎಷ್ಟು? ಅವು ಯಾವುವು?’ ಎಂಬ ಪ್ರಶ್ನೋತ್ತರದ ಸರಪಳಿಯನ್ನು ಮಕ್ಕಳು ರಾಗವಾಗಿ ಒಪ್ಪಿಸುವ ಪದ್ಧತಿ ಹೀಗೆ ಬೇರೂರಿತು. 1913ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಮಾಡುವ ಕಾಯಿದೆ ಬಂದು ಶಾಲೆಗೆ ಬರುವ ಮಕ್ಕಳ ಸಂಖ್ಯೆ ಹೆಚ್ಚಿದಂತೆ ಆ ಸರಪಳಿ ಇನ್ನಷ್ಟು ಮನೆಗಳ ಮಕ್ಕಳನ್ನು ತಲುಪಿತು.

ಪಾಠದ ಒಳಗೆ ಏನಿತ್ತೆಂಬುದನ್ನು ನೋಡಿದರೆ ಅದರ ಬಲವೂ ಬಿಕ್ಕಟ್ಟೂ ಒಟ್ಟಿಗೆ ಕಾಣುತ್ತವೆ. ಶಾಲಾವ್ಯಾಕರಣದ ನಿಯಮ ಸರಳ: ಪುಲ್ಲಿಂಗ ಸ್ತ್ರೀಲಿಂಗಗಳಿಗೆ ‘ಅರು’, ನಂಟಿನ ಪದಗಳಿಗೆ ‘ಅಂದಿರು’, ನಪುಂಸಕಲಿಂಗಕ್ಕೆ ‘ಗಳು’. ಹುಡುಗಿ ಹುಡುಗಿಯರಾಗುವಾಗ ನಡುವೆ ಯಕಾರ ಬರುವುದನ್ನು ಮಕ್ಕಳು ಕಿವಿಯಿಂದಲೇ ತಿಳಿಯುತ್ತಾರೆ. ಆದರೆ ಮಗು ಎಂಬ ಪದ ನಿಯಮಕ್ಕೆ ಬಗ್ಗುವುದಿಲ್ಲ, ಅದರ ಬಹುವಚನ ಮಕ್ಕಳು, ಮತ್ತು ಮಗ ಎಂಬುದರ ಬಹುವಚನವೂ ಮಕ್ಕಳೇ. ಮಗಳು ಎಂಬುದು ‘ಳು’ವಿನಿಂದ ಮುಗಿದರೂ ಏಕವಚನ, ಅದಕ್ಕೆ ಬಹುವಚನ ಬೇಕಾದರೆ ಹೆಣ್ಣುಮಕ್ಕಳು ಎಂಬ ಬೇರೆ ಪದವನ್ನೇ ಕರೆಯಬೇಕು. ಹೆಂಗಸು, ಗಂಡಸು ಎಂಬವು ರೂಪದಲ್ಲಿ ‘ಕೂಸು’, ‘ಹಸು’ಗಳಂತೆ ಕಂಡರೂ ಹೆಂಗಸರು, ಗಂಡಸರು ಎಂದಾಗುತ್ತವೆ. ಗುರು ಎಂಬುದು ಮನುಷ್ಯವಾಚಕವಾದರೂ ಗುರುಗಳು ಎಂದಾಗಿ, ಆ ರೂಪ ಬಹುಪಾಲು ಒಬ್ಬರಿಗೇ ಸಲ್ಲುತ್ತದೆ. ಶಾಲೆಯ ಪಟ್ಟಿಯಲ್ಲಿ ‘ಮಗುಗಳು’ ಎಂದು ಬರೆದ ಮಗುವಿಗೆ ಕೆಂಪು ಗೆರೆ ಬೀಳುತ್ತದೆ, ಆದರೆ ಅದೇ ಮಗು ಆಟದ ಬಯಲಿನಲ್ಲಿ ‘ಮಕ್ಳೆಲ್ಲ ಬರ್ರೋ’ ಎಂದು ಕೂಗುವಾಗ ಒಂದು ದಿನವೂ ತಪ್ಪಿರುವುದಿಲ್ಲ; ತಪ್ಪನ್ನು ಹುಟ್ಟಿಸಿದ್ದು ಬಹುಮಟ್ಟಿಗೆ ಕಂಬಗಳ ಪಟ್ಟಿಯೇ. ಈ ಪಾಠವನ್ನು ಚೆನ್ನಾಗಿ ಕಲಿತವರಿಂದಲೂ ಒಂದು ವಿಚಿತ್ರ ಬೆಳೆ ಬಂದಿದೆ: ಸದಸ್ಯರುಗಳು, ಶಿಕ್ಷಕರುಗಳು, ಫಲಾನುಭವಿಗಳುಗಳು ಎಂದು ಬಹುವಚನದ ಮೇಲೆ ಬಹುವಚನ ಹೇರುವ ಕಚೇರಿಗನ್ನಡ. ಹಳಗನ್ನಡದ ‘ಅವರ್ಗಳ್’ ಎಂಬಲ್ಲಿ ಇಂಥ ಇಮ್ಮಡಿ ಪ್ರತ್ಯಯಕ್ಕೆ ಪೂರ್ವಸಾಕ್ಷಿ ಇದೆಯೆಂಬುದು ನಿಜ, ಆದರೆ ಸುತ್ತೋಲೆ ಬರೆಯುವ ಗುಮಾಸ್ತರು ಅದನ್ನು ಕಂಡು ಬರೆಯುತ್ತಾರೆಂದು ನಂಬುವುದು ಕಷ್ಟ.

ಮಕ್ಕಳ ಕಡೆಯಿಂದ ಭಾಷೆಯನ್ನು ನೋಡುವ ಪ್ರಯತ್ನ ಕನ್ನಡದಲ್ಲಿ ಇಲ್ಲದಿರಲಿಲ್ಲ. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು (1874–1937) ಶಾಲೆಗಳನ್ನು ಒಳಗಿನಿಂದ ಬಲ್ಲವರಾಗಿ, 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟುವುದರಲ್ಲಿ ಮುಂದಾಗಿ, ಕಥೆ ಹಾಡುಗಳ ಮೂಲಕವೇ ಭಾಷೆ ಬರಬೇಕೆಂಬ ದಾರಿಯನ್ನು ತೋರಿದರು. ಕಿಟೆಲ್ಲರ ಶಬ್ದಮಣಿದರ್ಪಣವನ್ನು 1920ರಲ್ಲಿ ಪರಿಷ್ಕರಿಸಿ ಹೊರತಂದವರೂ ಅವರೇ ಆದ್ದರಿಂದ, ವ್ಯಾಕರಣ ಬಾರದವರು ಅದನ್ನು ಬೇಡವೆಂದರು ಎಂಬ ಆಕ್ಷೇಪ ಅವರ ವಿಷಯದಲ್ಲಿ ನಿಲ್ಲದು. ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಮತ್ತು ಎನ್. ರಂಗನಾಥ ಶರ್ಮರ ‘ಹೊಸಗನ್ನಡ ವ್ಯಾಕರಣ’ಗಳು ಹೊಸಗನ್ನಡದ ರೂಪಗಳನ್ನು ತಿಳಿಯಾಗಿ ವಿವರಿಸಿ ಶಿಕ್ಷಕರ ಕೈಗನ್ನಡಿಗಳಾದವು, ಆದರೂ ಅವು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನವರಿಗಾಗಿ ಬರೆದವು, ಅವುಗಳ ಸಾರವನ್ನು ಕತ್ತರಿಸಿ ಕೆಳತರಗತಿಗೆ ಇಳಿಸಿದಾಗ ವಿವರಣೆ ಕಳಚಿಹೋಗಿ ಪಟ್ಟಿ ಮಾತ್ರ ಉಳಿಯಿತು.

ಮಕ್ಕಳು ಬಹುವಚನವನ್ನು ಹೇಗೆ ಕಲಿಯುತ್ತಾರೆಂಬುದರ ಬಗ್ಗೆ ಜಗತ್ತಿನಲ್ಲಿ ಹೆಚ್ಚು ಹೆಸರಾದ ಪ್ರಯೋಗ 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಪ್ರಕಟಿಸಿದ್ದು. ಹಕ್ಕಿಯಂಥ ಒಂದು ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ ‘ಇದು ವಗ್’ ಎಂದು ಹೇಳಿ, ಅನಂತರ ಅಂಥ ಎರಡನ್ನು ತೋರಿಸಿ ವಾಕ್ಯವನ್ನು ಮಗುವಿಗೇ ಮುಗಿಸಲು ಬಿಟ್ಟಾಗ, ಆ ಪದವನ್ನು ಎಂದೂ ಕೇಳಿರದ ಮಕ್ಕಳಲ್ಲಿ ಬಹುಪಾಲು ‘ವಗ್ಸ್’ ಎಂಬ ಬಹುವಚನವನ್ನು ಸರಿಯಾದ ಉಚ್ಚಾರಣೆಯೊಂದಿಗೆ ಹೇಳಿದರು. ಮಕ್ಕಳು ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಿಲ್ಲ, ನಿಯಮವನ್ನೇ ಒಳಗೆ ಕಟ್ಟಿಕೊಳ್ಳುತ್ತಾರೆ ಎಂಬುದು ಇದರಿಂದ ತಿಳಿದುಬಂತು. ಇದೇ ಪ್ರಯೋಗವನ್ನು ಮಾಗಡಿ ಸೀಮೆಯ ಅಂಗನವಾಡಿಯ ಮಗುವಿನ ಮುಂದೆ ಹಾಗೆಯೇ ಇಟ್ಟರೆ, ‘ಎರಡು ವಗ್’ ಎಂಬ ಉತ್ತರ ಬಂದೀತು, ಮತ್ತು ಕನ್ನಡದ ನಿಯಮದಂತೆ ಅದು ಪೂರ್ಣವಾಗಿ ಸರಿ. ಆ ಮಗುವಿಗೆ ನಿಯಮ ಬರುವುದಿಲ್ಲವೆಂದು ಅದರಿಂದ ತೀರ್ಮಾನಿಸುವವನು ಕನ್ನಡವನ್ನು ಇಂಗ್ಲಿಷಿನ ಕೊಳಗದಿಂದ ಅಳೆದಂತಾಗುತ್ತದೆ. ಮಗುವಿನ ಜ್ಞಾನವನ್ನು ಕಾಣಬೇಕಾದರೆ ಅದರ ಕ್ರಿಯಾಪದವನ್ನು ಕೇಳಬೇಕು, ಅಥವಾ ಪ್ರಾಣಿಯ ಜಾಗದಲ್ಲಿ ಮನುಷ್ಯನನ್ನು ಇಡಬೇಕು. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಚೌಕಟ್ಟಿನಿಂದ ಬಿಡಿಸಿ ಕನ್ನಡದ ಒಳಗಿನಿಂದಲೇ ಬರೆಯಬೇಕೆಂಬ ವಾದವನ್ನು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಹೊರಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ಮುಂದಿಟ್ಟರು. ಅವರ ಬರಹದ ಲಿಪಿಸುಧಾರಣೆಯ ಭಾಗ ಎಬ್ಬಿಸಿದ ಗದ್ದಲದಲ್ಲಿ, ವಚನದಂಥ ವಿಷಯಗಳ ಬಗ್ಗೆ ಆ ವಾದದಿಂದ ಕೆಳತರಗತಿಯ ಪಾಠಕ್ಕೆ ಏನು ಪ್ರಯೋಜನ ಎಂಬ ಚರ್ಚೆ ಅಷ್ಟಾಗಿ ನಡೆಯದೆ ಹೋದದ್ದು ನಷ್ಟ.

ತರಗತಿಯೊಳಗೆ ನಿಜವಾದ ಬದಲಾವಣೆ ಬಂದದ್ದು ಬೇರೆ ಬಾಗಿಲಿನಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ರಿಷಿವ್ಯಾಲಿ ಶಾಲೆಯ ಪ್ರಯೋಗದ ಪ್ರೇರಣೆಯಲ್ಲಿ ಆರಂಭವಾದ ನಲಿ-ಕಲಿ, 2009ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂತು, ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ತಮ್ಮ ವೇಗದಲ್ಲಿ ಏರುತ್ತ, ಕಾರ್ಡುಗಳಿಂದ ಕಲಿಯುವ ಈ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಶುರುವಾಗುತ್ತವೆ, ಏಕೆಂದರೆ ಇವಿಷ್ಟರಿಂದಲೇ ಸರ, ಗರಗಸ, ಅರಸ, ಅಗಸ ಎಂಬ ಪೂರ್ಣಪದಗಳನ್ನು ಮಗು ಮೊದಲ ದಿನಗಳಲ್ಲೇ ಓದಬಲ್ಲದು. ಈ ಐದರಲ್ಲಿ ‘ಳ’ ಇಲ್ಲ, ಗುಣಿತದ ಚಿಹ್ನೆಗಳೂ ಇಲ್ಲ. ಆದ್ದರಿಂದ ‘ಗಳು’ ಎಂದು ಬರೆಯುವ ಹೊತ್ತು ಬರುವ ಮೊದಲು ಮಗು ಎಷ್ಟೋ ಪದಗಳನ್ನು ಬರಿಯ ರೂಪದಲ್ಲೇ ಓದಿ, ಚಿತ್ರದಲ್ಲಿರುವ ವಸ್ತುಗಳನ್ನು ಎಣಿಸಿ, ಎಷ್ಟಿವೆ ಎಂದು ಬಾಯಲ್ಲಿ ಹೇಳಿರುತ್ತದೆ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಮಾಡುವ ಮಣಿ ಚೌಕಟ್ಟಿನ ಮುಂದೆ ಕೂತ ಮಗುವಿನ ಕೈಯಲ್ಲಿಯೂ ಇದೇ ನಡೆಯುತ್ತದೆ: ಐದು ಮಣಿ ಸರಿಸಿ ‘ಐದು ಮಣಿ’ ಎನ್ನುತ್ತದೆ, ಗಣಿತದ ಪಾಠದಲ್ಲಿ ಅದನ್ನು ಯಾರೂ ತಿದ್ದುವುದಿಲ್ಲ. ಮೂರ್ನಾಲ್ಕು ವರ್ಷ ಕಳೆದು ಭಾಷೆಯ ಪಾಠದಲ್ಲಿ ಅದೇ ಪದದ ಮುಂದೆ ಬಿಟ್ಟಸ್ಥಳವನ್ನಿಟ್ಟು ‘ಮಣಿಗಳು’ ಎಂದು ತುಂಬಿಸಲು ಹೇಳುತ್ತಾರೆ.

2007ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದ ಮೇಲೆ ಈ ಹಳೆಯ ಅಂತರ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿದೆ. ಕನ್ನಡದ ಮಗು ‘ಟು ಬುಕ್’, ‘ಫೈವ್ ಪೆನ್ಸಿಲ್’ ಎಂದಾಗ ಶಿಕ್ಷಕರು ಅದನ್ನು ಅಜಾಗರೂಕತೆಯೆಂದು ತಿದ್ದುತ್ತಾರೆ. ಆದರೆ ಅಲ್ಲಿ ನಡೆದಿರುವುದು ಎಣಿಕೆಯ ಪದ ಇದ್ದ ಮೇಲೆ ವಸ್ತುವಿನ ಹೆಸರಿಗೆ ಪ್ರತ್ಯಯ ಬೇಡವೆಂಬ ಕನ್ನಡದ ನಿಯಮದ ಅತ್ಯಂತ ಕ್ರಮಬದ್ಧವಾದ ಅನ್ವಯ. ಕನ್ನಡದ ಪಾಠದಲ್ಲಿ ‘ಎರಡು ಪುಸ್ತಕ’ವೂ ಸರಿ, ‘ಎರಡು ಪುಸ್ತಕಗಳು’ ಕೂಡ ಸರಿ, ಮೊದಲನೆಯದು ಆಡುವಾಗ, ಎರಡನೆಯದು ಬರೆಯುವಾಗ ಹೆಚ್ಚು ಹೊಂದುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ಈ ಆಯ್ಕೆ ಇಲ್ಲ ಎಂದು ಒಂದು ಸಲ ಬಾಯಿಬಿಟ್ಟು ಹೇಳಿದರೆ ಎರಡು ಭಾಷೆಗಳ ಪಾಠವೂ ಒಟ್ಟಿಗೆ ಸುಲಭವಾಗುತ್ತದೆ. ಪಠ್ಯಪುಸ್ತಕದ ಅಭ್ಯಾಸಭಾಗದಲ್ಲಿ ಅದಕ್ಕೆ ಇನ್ನೂ ಜಾಗ ಸಿಕ್ಕಿಲ್ಲವಾದರೂ, ‘ದನ ಬಂತು’, ‘ದನ ಬಂದವು’ ಎಂಬ ಎರಡು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕ ಬರೆದು, ಯಾವುದರಲ್ಲಿ ಹೆಚ್ಚು ದನಗಳಿವೆ, ಅದು ಹೇಗೆ ಗೊತ್ತಾಯಿತು ಎಂದು ಕೇಳಲು ಹೊಸ ಪುಸ್ತಕವೂ ಬೇಕಿಲ್ಲ, ಸುತ್ತೋಲೆಯೂ ಬೇಕಿಲ್ಲ.